ಟೈಫೂನ್ ಬಂದ್ರೆ ಗಾಳಿಯಂತ್ರದ ಗತಿ ಏನು?

ಗಾಳಿಯಿಂದಲೇ ಕರೆಂಟ್ ಮಾಡೋ ಯಂತ್ರ
ಗಾಳಿಗೇ ಮುರಿದು ಬೀಳುತ್ತಾ?

ಬೀಳುತ್ತೆ!

2003ರ ಸೆಪ್ಟೆಂಬರ್.
ಜಪಾನಿನ ಮಿಯಾಕೊ ದ್ವೀಪ.
ಮೇಮಿ ಅನ್ನೋ ಟೈಫೂನ್, ಅಂದ್ರೆ ಚಂಡಮಾರುತ, ಅಪ್ಪಳಿಸ್ತು.
ಗಾಳಿಯ ವೇಗ ಸೆಕೆಂಡಿಗೆ 74 ಮೀಟರ್ ಮುಟ್ತು.
ಅಂದ್ರೆ ಗಂಟೆಗೆ 260 ಕಿಲೋಮೀಟರಿಗೂ ಜಾಸ್ತಿ.
ಗಾಳಿಯಂತ್ರಗಳ ಉಕ್ಕಿನ ಗೋಪುರಗಳೇ ಮಡಚಿಕೊಂಡು ಬಿದ್ವು.

ಹಾಗಾದ್ರೆ ಇವನ್ನ ಕಾಪಾಡೋದು ಹೇಗೆ?

ಗಾಳಿ ಸೆಕೆಂಡಿಗೆ ಸುಮಾರು 25 ಮೀಟರ್ ದಾಟಿದ್ರೆ
ಯಂತ್ರ ತಾನಾಗೇ ನಿಲ್ಲುತ್ತೆ.
ರೆಕ್ಕೆಗಳು ಹೊರಳಿ, ಅಂಚನ್ನ ಗಾಳಿಗೆ ಕೊಡ್ತವೆ.

ಮೊರ ಗೊತ್ತಲ್ಲ?
ಬಿರುಗಾಳಿಗೆ ಅಗಲವಾಗಿ ಹಿಡೀರಿ, ಕೈಯಿಂದ ಕಿತ್ಕೊಂಡು ಹೋಗುತ್ತೆ.
ಅದರ ಅಂಚನ್ನ ಗಾಳಿ ಕಡೆ ತಿರುಗಿಸಿ,
ಗಾಳಿ ಪಕ್ಕದಲ್ಲೇ ಜಾರಿ ಹೋಗುತ್ತೆ.

ಇಷ್ಟೇ ಸಾಕಾ? ಸಾಲಲ್ಲ.

ಟೈಫೂನ್ ಸುತ್ತುತ್ತಾ ಸಾಗುತ್ತೆ.
ಗಾಳಿಯ ದಿಕ್ಕು ಬದಲಾಗ್ತಾನೇ ಇರುತ್ತೆ.
ಯಂತ್ರದ ತಲೆನೂ ಜೊತೆಗೇ ತಿರುಗ್ಬೇಕು.
ಅದಕ್ಕೆ ಕರೆಂಟ್ ಬೇಕು.
ಬಿರುಗಾಳಿಲಿ ಮೊದಲು ಹೋಗೋದೇ ಕರೆಂಟ್!
ನಮ್ಮೂರಲ್ಲೂ ಅಷ್ಟೇ, ಬಿಡಿ.
ಅದಕ್ಕೇ ಬ್ಯಾಟರಿನೋ ಜನರೇಟರೋ ಇರಲೇಬೇಕು.

ಸೋಲಾರ್ ಕಥೆ?
ಗಾಳಿ ಪ್ಯಾನೆಲ್ ಅಡಿಗೆ ನುಗ್ಗಿ, ಮೇಲಕ್ಕೆ ಎತ್ತುತ್ತೆ.
2019ರಲ್ಲಿ ಟೈಫೂನ್ ಬಂದಾಗ ಜಪಾನಿನ ಯಮಾಕುರಾ ಜಲಾಶಯದಲ್ಲಿ
ತೇಲೋ ಪ್ಯಾನೆಲ್‌ಗಳು ಒಂದರ ಮೇಲೊಂದು ರಾಶಿ ಬಿದ್ದು
ಬೆಂಕಿನೇ ಹೊತ್ಕೊಳ್ತು.
ಲಂಗರು ಗಟ್ಟಿಯಿಲ್ಲದಿದ್ರೆ ಮುಗೀತು.

ಗಾಳಿಯಂತ್ರ ಕಾಪಾಡೋಕೆ ನನಗೆ ಇಷ್ಟವಾಗಿದ್ದು ಜಪಾನಿನದೇ ಹತೆರುಮಾ ದ್ವೀಪದ ಉಪಾಯ.
ಅಲ್ಲಿ ಗೋಪುರದ ಬುಡದಲ್ಲೇ ಕೀಲು ಇದೆ.
ಟೈಫೂನ್ ಬರೋ ಮುಂಚೆ
ಇಡೀ ಯಂತ್ರನೇ ನೆಲಕ್ಕೆ ಮಲಗಿಸ್ತಾರೆ.
ಹೋದ ಮೇಲೆ ಎತ್ತಿ ನಿಲ್ಲಿಸ್ತಾರೆ.

ಆದ್ರೆ ಇದು ಸಣ್ಣ ಯಂತ್ರಗಳಿಗೆ ಮಾತ್ರ.
ಸಮುದ್ರದಲ್ಲಿ ನಿಂತಿರೋ ದೈತ್ಯ ಯಂತ್ರಗಳನ್ನ ಹೀಗೆ ಮಲಗಿಸೋಕೆ ಆಗಲ್ಲ.