ಮೇಜಿನ ಮೇಲೆ ರೈಲು, ಮಾಳಿಗೆಯ ಮೇಲೆ ಆಂಟೆನಾ

ಮೈಸೂರಿನಿಂದ ಹಾಸನದ ಕಡೆಗೆ ಹೊರಟ ರೈಲು ಸಾಗರಕಟ್ಟೆ ದಾಟಿ ಕೃಷ್ಣರಾಜನಗರಕ್ಕೆ (ಕೆ.ಆರ್. ನಗರ) ಬರುತ್ತದೆ. ನೆರೆಯ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳಿಗೆ ಈ ಭಾಗ್ಯವಿಲ್ಲ. ಹುಣಸೂರು, ಪಿರಿಯಾಪಟ್ಟಣಗಳ ಮೇಲೆ ಹಾದು ಕುಶಾಲನಗರ ಮುಟ್ಟುವ ಮಾರ್ಗದ ಮಾತು ಬಹಳ ಕಾಲದಿಂದ ಇದೆ, ಹಳಿ ಮಾತ್ರ ಬಿದ್ದಿಲ್ಲ. ಆದರೆ ಹಳಿ ಕಾಣದ ಊರಿನಲ್ಲೂ ಮೇಜಿನ ಮೇಲೆ ರೈಲು ಓಡಿಸಬಹುದು. ಮೊಬೈಲ್ ಸಿಗ್ನಲ್ ಸಿಗದ ಕಾಡಂಚಿನಲ್ಲೂ ರೇಡಿಯೊದಲ್ಲಿ ಮಾತಾಡಬಹುದು. ಮೊದಲನೆಯದು ಮಾದರಿ ರೈಲಿನ ಹವ್ಯಾಸ. ಎರಡನೆಯದು ಹವ್ಯಾಸಿ ರೇಡಿಯೊ, ಎಲ್ಲರೂ ಕರೆಯುವಂತೆ ಹ್ಯಾಮ್ ರೇಡಿಯೊ.

ಜಗತ್ತಿನ ಹಲವೆಡೆ ಈ ಎರಡು ಹವ್ಯಾಸಗಳನ್ನೂ ಒಬ್ಬರೇ ಹಿಡಿದಿರುವುದುಂಟು. ಅದಕ್ಕೆ ಕಾರಣವಿದೆ. ಒಂದರಲ್ಲಿ ಹಳಿ, ಇನ್ನೊಂದರಲ್ಲಿ ಆಕಾಶ ಎನ್ನುವುದು ಬಿಟ್ಟರೆ ಎರಡೂ ಕಲಿಸುವ ವಿದ್ಯೆ ಒಂದೇ: ಗದ್ದಲದ ನಡುವೆ ಒಂದು ಸಂದೇಶವನ್ನು ತಪ್ಪಿಲ್ಲದೆ ಮುಟ್ಟಿಸುವುದು.

ತಂತಿಯ ಕಾಲದ ನಂಟು

ರೈಲೂ ತಂತಿಯೂ ಜೊತೆಜೊತೆಯಾಗಿ ಬೆಳೆದವು. ಒಂಟಿ ಹಳಿಯ ಮಾರ್ಗದಲ್ಲಿ ಎದುರುಬದುರು ಎರಡು ಗಾಡಿ ಬಂದರೆ ಅನಾಹುತವೇ. ಒಂದು ನಿಲ್ದಾಣದ ಸ್ಟೇಷನ್ ಮಾಸ್ತರರು ಗಾಡಿ ಬಿಡುವ ಮೊದಲು ಮುಂದಿನ ನಿಲ್ದಾಣದ ಒಪ್ಪಿಗೆ ಪಡೆಯಲೇಬೇಕು. ಆ ಒಪ್ಪಿಗೆ ಹರಿದು ಬಂದದ್ದು ಹಳಿಯ ಪಕ್ಕದ ಕಂಬಗಳ ಮೇಲಿನ ತಂತಿಯಲ್ಲಿ. ಥಾಮಸ್ ಎಡಿಸನ್ ಹದಿಹರೆಯದಲ್ಲಿ ದುಡಿದದ್ದು ರೈಲ್ವೆಯ ತಂತಿ ಆಪರೇಟರ್ ಆಗಿ.

ತಂತಿಯಿಲ್ಲದ ಸಂಪರ್ಕ ಬಂದಾಗ ಆ ಆಪರೇಟರುಗಳ ಪದ್ಧತಿಗಳೂ ಅದರೊಂದಿಗೆ ಬಂದವು. ಹ್ಯಾಮ್‌ಗಳು ಈಗಲೂ ಮಾತು ಮುಗಿಸುವಾಗ ‘73’ ಎಂದು ಶುಭ ಕೋರುತ್ತಾರೆ; ಅದು 19ನೇ ಶತಮಾನದ ಅಮೆರಿಕದ ತಂತಿ ಕಚೇರಿಗಳ ಸಂಖ್ಯಾ ಸಂಕೇತ. ಯುರೋಪಿನಲ್ಲಿ ಹ್ಯಾಮ್‌ಗಳೂ ಆಗಿರುವ ರೈಲ್ವೆ ನೌಕರರಿಗೆಂದೇ ಫಿರಾಕ್ ಎಂಬ ಅಂತರರಾಷ್ಟ್ರೀಯ ಒಕ್ಕೂಟವಿದೆ. ಬ್ರಿಟನ್ನಿನಲ್ಲಿ ಸ್ಟಾಕ್ಟನ್–ಡಾರ್ಲಿಂಗ್ಟನ್ ರೈಲು ಮಾರ್ಗ 1825ರ ಸೆಪ್ಟೆಂಬರ್ 27ರಂದು ತೆರೆದ ನೆನಪಿಗೆ ಪ್ರತಿ ಸೆಪ್ಟೆಂಬರ್‌ನಲ್ಲೂ ಹ್ಯಾಮ್‌ಗಳು ಹಳೆಯ ರೈಲು ನಿಲ್ದಾಣಗಳಲ್ಲಿ ಆಂಟೆನಾ ಏರಿಸಿ ಪರಸ್ಪರ ಸಂಪರ್ಕಿಸುತ್ತಾರೆ.

ಮಾದರಿ ರೈಲಿನ ಮೇಜು ದೊಡ್ಡ ತಂತ್ರಜ್ಞಾನಕ್ಕೂ ತೊಟ್ಟಿಲಾಗಿದೆ. ಅಮೆರಿಕದ ಎಂಐಟಿಯಲ್ಲಿ 1946ರಲ್ಲಿ ‘ಟೆಕ್ ಮಾಡಲ್ ರೈಲ್‌ರೋಡ್ ಕ್ಲಬ್’ ಹುಟ್ಟಿತು. ಅಲ್ಲಿನ ವಿದ್ಯಾರ್ಥಿಗಳು ಟೆಲಿಫೋನ್ ಎಕ್ಸ್‌ಚೇಂಜಿನ ರಿಲೇಗಳನ್ನು ಜೋಡಿಸಿ, ಒಂದೇ ಲೇಔಟಿನಲ್ಲಿ ಹಲವರು ಬೇರೆಬೇರೆ ರೈಲು ಓಡಿಸುವ ವ್ಯವಸ್ಥೆ ಕಟ್ಟಿದರು. ಆ ರಿಲೇಗಳ ತರ್ಕ ಅರಗಿಸಿಕೊಂಡವರಲ್ಲಿ ಕೆಲವರು 1950ರ ದಶಕದ ಕೊನೆಗೆ ಕಂಪ್ಯೂಟರಿನ ಆರಂಭದ ಕಾಲದ ಪ್ರೋಗ್ರಾಮರುಗಳಾದರು.

ಎರಡು ಹಳಿ, ಎರಡು ಕೆಲಸ

ಕೆ.ಆರ್. ನಗರ ನಿಲ್ದಾಣದ ಮಾದರಿ ಮಾಡಲು ಕುಳಿತೆವು ಎಂದುಕೊಳ್ಳೋಣ. ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಅಳತೆ ಎಚ್‌ಒ, ಅಂದರೆ 1:87. ಸುಮಾರು 24 ಮೀಟರ್ ಉದ್ದದ ಬೋಗಿ ಈ ಅಳತೆಯಲ್ಲಿ 27 ಸೆಂಟಿಮೀಟರ್ ಚಿಲ್ಲರೆ ಆಗುತ್ತದೆ. 500 ಮೀಟರಿನ ಪ್ಲಾಟ್‌ಫಾರಂ ಕಟ್ಟಲು ಐದೂಮುಕ್ಕಾಲು ಮೀಟರ್ ಜಾಗ ಬೇಕು, ಆದ್ದರಿಂದ ಹವ್ಯಾಸಿಗಳು ಪ್ಲಾಟ್‌ಫಾರಮನ್ನು ಮೊಟಕು ಮಾಡುತ್ತಾರೆ. ಹಳಿಯದು ಬೇರೆಯೇ ಸಮಸ್ಯೆ. ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿಯ ಅಗಲ 16.5 ಮಿಲಿಮೀಟರ್, ಅದು ಯುರೋಪ್, ಅಮೆರಿಕಗಳ 1,435 ಮಿಲಿಮೀಟರ್ ಗೇಜಿಗೆ ಸರಿ. ನಮ್ಮ ಬ್ರಾಡ್ ಗೇಜ್ 1,676 ಮಿಲಿಮೀಟರ್. ಅದನ್ನು 87ರಿಂದ ಭಾಗಿಸಿದರೆ 19 ಮಿಲಿಮೀಟರಿಗೂ ಸ್ವಲ್ಪ ಹೆಚ್ಚು. ಈ ಮಾರ್ಗ ಮೊದಲು ಮೀಟರ್ ಗೇಜ್ ಆಗಿತ್ತು, ಆ ಕಾಲದ ಮಾದರಿಗೆ 11.5 ಮಿಲಿಮೀಟರ್ ಹಳಿ ಬೇಕು. ಇಷ್ಟು ಲೆಕ್ಕ ಹಾಕುವಷ್ಟರಲ್ಲಿ ಎಂಟನೇ ತರಗತಿಯ ಅನುಪಾತದ ಪಾಠ ಪೂರ್ತಿ ಮನನವಾಗಿರುತ್ತದೆ.

ಇನ್ನು ಓಡಿಸುವ ಬಗೆ. ಹಳೆಯ ಪದ್ಧತಿಯಲ್ಲಿ ಹಳಿಗೆ ಕೊಡುವ ನೇರ ವಿದ್ಯುತ್ತಿನ ವೋಲ್ಟೇಜ್ ಏರಿಸಿದರೆ ಎಂಜಿನ್ ವೇಗವಾಗುತ್ತದೆ, ಇಳಿಸಿದರೆ ನಿಧಾನವಾಗುತ್ತದೆ. ಆದರೆ ಅದೇ ಹಳಿಯ ಮೇಲಿರುವ ಇನ್ನೊಂದು ಎಂಜಿನ್ನೂ ಅದರ ಜೊತೆಗೇ ಓಡುತ್ತದೆ. ಇದಕ್ಕೆ ಪರಿಹಾರವಾಗಿ ಜರ್ಮನಿಯ ಬರ್ನ್ಡ್ ಲೆಂಜ್ ರೂಪಿಸಿದ ವಿಧಾನವನ್ನು ಅಮೆರಿಕದ ಮಾದರಿ ರೈಲು ಸಂಘ 1990ರ ದಶಕದಲ್ಲಿ ಎಲ್ಲರಿಗೂ ಅನ್ವಯಿಸುವ ಮಾನಕವಾಗಿ ಒಪ್ಪಿಕೊಂಡಿತು. ಇದೇ ಡಿಜಿಟಲ್ ಕಮಾಂಡ್ ಕಂಟ್ರೋಲ್, ಚಿಕ್ಕದಾಗಿ ಡಿಸಿಸಿ.

ಡಿಸಿಸಿಯಲ್ಲಿ ಎರಡು ಹಳಿಗಳಲ್ಲಿ ವಿದ್ಯುತ್ತಿನ ದಿಕ್ಕು ಸೆಕೆಂಡಿಗೆ ಸಾವಿರಾರು ಬಾರಿ ಅದಲುಬದಲಾಗುತ್ತಿರುತ್ತದೆ. ಎಂಜಿನ್ನಿಗೆ ಬೇಕಾದ ಶಕ್ತಿಯೂ ಅದರಲ್ಲೇ, ಅದಕ್ಕೆ ಕೊಡುವ ಆಜ್ಞೆಯೂ ಅದರಲ್ಲೇ. ಒಂದು ದಿಕ್ಕಿನಲ್ಲಿ 58 ಮೈಕ್ರೊಸೆಕೆಂಡ್, ಮತ್ತೆ ವಿರುದ್ಧ ದಿಕ್ಕಿನಲ್ಲಿ ಅಷ್ಟೇ ಹೊತ್ತು ಹರಿದರೆ ಅದು ‘1’. ಪ್ರತಿ ಅರ್ಧವೂ 100 ಮೈಕ್ರೊಸೆಕೆಂಡ್ ಅಥವಾ ಅದಕ್ಕೂ ಹೆಚ್ಚು ಇದ್ದರೆ ‘0’. ಸಂದೇಶ ಅಡಗಿರುವುದು ವೋಲ್ಟೇಜಿನ ಎತ್ತರದಲ್ಲಲ್ಲ, ಕಾಲದ ಉದ್ದದಲ್ಲಿ. ಮೋರ್ಸ್ ಸಂಕೇತದ ತಳಪಾಯವೂ ಇದೇ: ಒಂದು ಚುಕ್ಕೆಯ ಮೂರರಷ್ಟು ಉದ್ದ ಒಂದು ಗೀಟು. ಕಿವಿಯಲ್ಲಿ ಮೋರ್ಸ್ ಹಿಡಿಯುವುದನ್ನು ಕಲಿತವರಿಗೆ ಎಂಜಿನ್ನಿನೊಳಗಿನ ಡಿಕೋಡರ್ ಚಿಪ್ ಏನು ಮಾಡುತ್ತಿದೆ ಎಂದು ಬೇರೆ ವಿವರಿಸಬೇಕಿಲ್ಲ.

ಪ್ರತಿ ಆಜ್ಞೆಯೂ ಒಂದು ಪೊಟ್ಟಣವಾಗಿ ಹೋಗುತ್ತದೆ. ಮೊದಲಿಗೆ ‘ಎಚ್ಚರ’ ಎಂದು ಹೇಳುವ ಸಾಲು ಸಾಲು ‘1’ಗಳು, ಆಮೇಲೆ ಎಂಜಿನ್ನಿನ ವಿಳಾಸ, ಅದರ ಹಿಂದೆ ಆಜ್ಞೆ, ಕೊನೆಗೆ ಇವೆಲ್ಲವನ್ನೂ ತಾಳೆ ನೋಡುವ ಒಂದು ಬೈಟ್. ತಾಳೆಯಾಗದ ಪೊಟ್ಟಣವನ್ನು ಎಂಜಿನ್ ಕೈಬಿಡುತ್ತದೆ. ಚಕ್ರಕ್ಕೆ ದೂಳು ಮೆತ್ತಿ ಒಂದು ಪೊಟ್ಟಣ ತಪ್ಪಿದರೂ ನಿಯಂತ್ರಕ ಅದನ್ನೇ ಮತ್ತೆ ಮತ್ತೆ ಕಳಿಸುತ್ತಿರುವುದರಿಂದ ಗಾಡಿ ನಿಲ್ಲುವುದಿಲ್ಲ. ಹ್ಯಾಮ್‌ಗಳು ತಮ್ಮ ಗುರುತಾದ ಕಾಲ್‌ಸೈನನ್ನು ‘ವಿಕ್ಟರ್, ಯೂನಿಫಾರ್ಮ್’ ಎಂದು ಅಕ್ಷರಕ್ಕೊಂದು ಪದ ಇಟ್ಟು ಮತ್ತೆ ಮತ್ತೆ ಹೇಳುವುದರ ಉದ್ದೇಶವೂ ಇದೇ.

ನಿಜವಾದ ರೈಲೂ ಈಗ ಇದೇ ಹಾದಿ ಹಿಡಿದಿದೆ. ಭಾರತೀಯ ರೈಲ್ವೆಯ ಕವಚ್ ವ್ಯವಸ್ಥೆಯಲ್ಲಿ ಹಳಿಗಳ ನಡುವೆ ಕೂರಿಸಿದ ಆರ್‌ಎಫ್‌ಐಡಿ ಟ್ಯಾಗುಗಳು ಎಂಜಿನ್ನಿಗೆ ಅದು ಎಲ್ಲಿದೆ ಎಂದು ತಿಳಿಸುತ್ತವೆ. ಎಂಜಿನ್ ಮತ್ತು ನಿಲ್ದಾಣ ಯುಎಚ್‌ಎಫ್ ರೇಡಿಯೊದಲ್ಲಿ ಮಾತಾಡಿಕೊಳ್ಳುತ್ತವೆ, ಅಪಾಯ ಕಂಡರೆ ಬ್ರೇಕ್ ತಾನಾಗಿ ಬೀಳುತ್ತದೆ.

ಕಿಡಿಯ ಕಾಟ

ಒಂದೇ ಕೋಣೆಯಲ್ಲಿ ಮಾದರಿ ರೈಲೂ ರೇಡಿಯೊ ಸೆಟ್ಟೂ ಇದ್ದರೆ ಜಗಳ ಶುರುವಾಗುತ್ತದೆ. ಪುಟ್ಟ ಮೋಟಾರಿನೊಳಗೆ ಇಂಗಾಲದ ಬ್ರಷ್ ತಿರುಗುವ ತಾಮ್ರದ ಪಟ್ಟಿಗಳನ್ನು ಸವರುವಾಗ ಸಣ್ಣ ಸಣ್ಣ ಕಿಡಿಗಳು ಹಾರುತ್ತವೆ. ಪ್ರತಿ ಕಿಡಿಯೂ ರೇಡಿಯೊ ಅಲೆ ಎಬ್ಬಿಸುತ್ತದೆ. ಜಗದೀಶಚಂದ್ರ ಬೋಸರೂ ಮಾರ್ಕೋನಿಯೂ 1890ರ ದಶಕದಲ್ಲಿ ಅಲೆ ಎಬ್ಬಿಸಿದ್ದು ಕಿಡಿಯಿಂದಲೇ. ಅವರಿಗೆ ಸಾಧನವಾಗಿದ್ದ ಕಿಡಿ ಇಲ್ಲಿ ರಿಸೀವರಿನಲ್ಲಿ ಕರಕರ ಸದ್ದಾಗುತ್ತದೆ.

ಡಿಸಿಸಿಯ ಕಾಟ ಇನ್ನೊಂದು ಬಗೆಯದು. ಬರೀ ‘1’ಗಳೇ ಹೋಗುತ್ತಿದ್ದರೆ ಸೆಕೆಂಡಿಗೆ ಸುಮಾರು 8,600 ಆವರ್ತನೆ. ಹ್ಯಾಮ್‌ಗಳ ನೆಚ್ಚಿನ 7 ಮೆಗಾಹರ್ಟ್ಸ್ ಅದಕ್ಕಿಂತ ನೂರಾರು ಪಟ್ಟು ಮೇಲಿದೆ. ಆದರೂ ಸದ್ದು ಅಲ್ಲಿಗೆ ಏರುತ್ತದೆ. ದಿಕ್ಕು ಥಟ್ಟನೆ ಬದಲಾಗುವ ಚೌಕಾಕಾರದ ಅಲೆಯೊಳಗೆ ಮೂಲ ಆವರ್ತನದ ಅನೇಕಾನೇಕ ಗುಣಕಗಳು ಹುದುಗಿರುತ್ತವೆ. ಅಂಚು ಎಷ್ಟು ಕಡಿದೋ ಅಷ್ಟು ಮೇಲಿನವರೆಗೆ ಅವು ಚಾಚುತ್ತವೆ. ಮೇಜಿನ ಸುತ್ತ ಹರಡಿದ ಹಳಿ ಒಳ್ಳೆಯ ಆಂಟೆನಾದಂತೆ ಅದನ್ನು ಹೊರಗೆ ಚೆಲ್ಲುತ್ತದೆ.

ಪರಿಹಾರಗಳು ಸರಳ. ನೇರ ವಿದ್ಯುತ್ತಿನ (ಡಿಸಿ) ಎಂಜಿನ್ನಿನ ಮೋಟಾರಿಗೆ ಅಡ್ಡಲಾಗಿ ಒಂದು ಸಣ್ಣ ಕೆಪಾಸಿಟರ್ ಬೆಸೆದರೆ ಕಿಡಿಯ ಆರ್ಭಟ ತಗ್ಗುತ್ತದೆ. ನಿಯಂತ್ರಕದಿಂದ ಹಳಿಗೆ ಹೋಗುವ ಎರಡು ವೈರುಗಳನ್ನು ಒಂದಕ್ಕೊಂದು ಹುರಿ ಮಾಡಿದರೆ, ಅವುಗಳಲ್ಲಿ ವಿರುದ್ಧ ದಿಕ್ಕಿನಲ್ಲಿ ಹರಿಯುವ ವಿದ್ಯುತ್ ಎಬ್ಬಿಸುವ ಕ್ಷೇತ್ರಗಳು ಪರಸ್ಪರ ರದ್ದಾಗುತ್ತವೆ. ವೈರಿಗೆ ಫೆರೈಟ್ ಬಳೆ ತೊಡಿಸಿದರೆ ಮೇಲಿನ ಆವರ್ತನಗಳಿಗೆ ತಡೆ ಬೀಳುತ್ತದೆ. ಕಾರು, ಆಸ್ಪತ್ರೆಯ ಯಂತ್ರ, ಉಪಗ್ರಹ ತಯಾರಿಸುವ ಎಂಜಿನಿಯರುಗಳೂ ಎದುರಿಸುವ ಸಮಸ್ಯೆ ಇದು. ಇಲ್ಲಿ ಅದು ಬೆಸುಗೆ ಕಡ್ಡಿಯ ಅಳತೆಗೆ ಸಿಗುತ್ತದೆ. ಸರಿಪಡಿಸಿದ ಫಲವೂ ಕೂಡಲೇ ಕಿವಿಗೆ ಕೇಳುತ್ತದೆ.

ಬೆಟ್ಟದಿಂದ ಎಷ್ಟು ದೂರ?

ಈ ನಾಲ್ಕು ತಾಲ್ಲೂಕುಗಳ ನೆಲ ರೇಡಿಯೊ ಕಲಿಯುವವರಿಗೆ ಒಳ್ಳೆಯ ಪ್ರಯೋಗಶಾಲೆ. ಕೈಯಲ್ಲಿ ಹಿಡಿಯುವ ಹ್ಯಾಮ್ ಸೆಟ್ಟುಗಳು ಸಾಮಾನ್ಯವಾಗಿ 144ರಿಂದ 146 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಈ ಅಲೆ ಹೆಚ್ಚುಕಡಿಮೆ ನೇರ ಸಾಗುತ್ತದೆ, ಭೂಮಿ ಬಾಗಿದ ಕಡೆ ತಪ್ಪಿಹೋಗುತ್ತದೆ. ಆಂಟೆನಾ ನೆಲದಿಂದ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಅಲೆ ಎಷ್ಟು ಕಿಲೋಮೀಟರ್ ಮುಟ್ಟುತ್ತದೆ ಎಂದು ಅಂದಾಜು ಸಿಗುತ್ತದೆ. ಚಾಮುಂಡಿ ಬೆಟ್ಟ ಮೈಸೂರು ನಗರಕ್ಕಿಂತ ಸುಮಾರು 300 ಮೀಟರ್ ಎತ್ತರ. ಲೆಕ್ಕ ಹಾಕಿದರೆ ಸುಮಾರು 70 ಕಿಲೋಮೀಟರ್. ಬೆಟ್ಟದಿಂದ ನೇರ ಗೆರೆ ಎಳೆದರೆ ಕೆ.ಆರ್. ನಗರ, ಹುಣಸೂರು, ಎಚ್.ಡಿ. ಕೋಟೆ ಮೂರೂ 35ರಿಂದ 45 ಕಿಲೋಮೀಟರಿನೊಳಗೆ ಬರುತ್ತವೆ. ಪಿರಿಯಾಪಟ್ಟಣ 60 ದಾಟಿ ಅಂಚಿನಲ್ಲಿ ನಿಲ್ಲುತ್ತದೆ. ಅಂಥ ಎತ್ತರದಿಂದ ಮರುಪ್ರಸಾರ ಮಾಡುವ ಒಂದು ರಿಪೀಟರ್ ನಾಲ್ಕೂ ಊರುಗಳನ್ನು ಒಂದೇ ಮಾತುಕತೆಗೆ ತರಬಲ್ಲದು.

ಆದರೆ ಈ ಲೆಕ್ಕ ಬಯಲಿನದು. ನಾಗರಹೊಳೆಯ ಕಾಡು, ಕಬಿನಿ ಕಣಿವೆಯ ತಗ್ಗುಗಳಲ್ಲಿ ದಿಬ್ಬಗಳ ನೆರಳಿಗೆ ಸಿಕ್ಕವರಿಗೆ ಈ ಅಲೆ ತಲುಪುವುದಿಲ್ಲ. ಅಲ್ಲಿ 7 ಮೆಗಾಹರ್ಟ್ಸ್ ಕೈ ಹಿಡಿಯುತ್ತದೆ. ಸುಮಾರು 20 ಮೀಟರ್ ವೈರನ್ನು ನಡುವೆ ಕತ್ತರಿಸಿ, ಎರಡು ತೆಂಗಿನ ಮರಗಳ ನಡುವೆ ಐದಾರು ಮೀಟರ್ ಎತ್ತರದಲ್ಲಿ ಕಟ್ಟಿದರೆ ಅಲೆಯ ಬಹುಪಾಲು ನೆಟ್ಟಗೆ ಆಕಾಶಕ್ಕೆ ಏರುತ್ತದೆ. ನೂರಾರು ಕಿಲೋಮೀಟರ್ ಮೇಲಿರುವ ಅಯಾನುಗೋಳ ಅದನ್ನು ಕೆಳಕ್ಕೆ ಕಳಿಸುತ್ತದೆ. ಶುಂಠಿ ಹೊಲದ ಸ್ಪ್ರಿಂಕ್ಲರ್ ನೀರನ್ನು ಮೇಲಕ್ಕೆ ಚಿಮ್ಮಿಸಿದಾಗ ಸುತ್ತಲಿನ ನೆಲವೆಲ್ಲ ನೆನೆಯುವಂತೆ, ಈ ಅಲೆ ಸುತ್ತಲಿನ ಮುನ್ನೂರು ನಾನೂರು ಕಿಲೋಮೀಟರನ್ನು ಎಡೆಬಿಡದೆ ಆವರಿಸುತ್ತದೆ. ನಡುವೆ ಬೆಟ್ಟವಿದ್ದರೂ ತೊಂದರೆಯಿಲ್ಲ, ಏಕೆಂದರೆ ಅಲೆ ಇಳಿಯುವುದೇ ಮೇಲಿನಿಂದ. ಬಿಸಿಲಿನಿಂದ ಚಾರ್ಜಾದ ಅಯಾನುಗೋಳ ಬೆಳಗಿನ ಜಾವಕ್ಕೆ ಸೊರಗಿರುತ್ತದೆ. ಆಗ 7 ಬಿಟ್ಟು 3.5 ಮೆಗಾಹರ್ಟ್ಸ್ ಕಡೆಗೆ ಇಳಿಯಬೇಕಾಗಬಹುದು.

2018ರಲ್ಲಿ ಪಕ್ಕದ ಕೊಡಗಿನಲ್ಲಿ ಗುಡ್ಡಗಳು ಜರಿದವು. 2019ರ ಆಗಸ್ಟಿನಲ್ಲಿ ಕಬಿನಿ, ಲಕ್ಷ್ಮಣತೀರ್ಥಗಳು ಉಕ್ಕಿದವು. ಕರೆಂಟೂ ಟವರೂ ಕೈಕೊಟ್ಟಾಗ ಕಾರಿನ ಬ್ಯಾಟರಿ ಮತ್ತು ತುಂಡು ವೈರಿನಿಂದ ಮಾತಾಡಬಲ್ಲವರು ಊರಿಗೊಬ್ಬರಾದರೂ ಇರಬೇಕು ಎನ್ನುವುದಕ್ಕೆ ಬೇರೆ ಸಮರ್ಥನೆ ಬೇಡ. 2004ರ ಡಿಸೆಂಬರಿನಲ್ಲಿ ಹವ್ಯಾಸದ ಸಂಪರ್ಕಕ್ಕೆಂದು ಅಂಡಮಾನಿಗೆ ಹೋಗಿದ್ದ ಭಾರತಿ ಪ್ರಸಾದ್ ಅವರ ಹ್ಯಾಮ್ ತಂಡ ಸುನಾಮಿ ಬಡಿದ ಮೇಲೆ ದ್ವೀಪಗಳ ಸುದ್ದಿಯನ್ನು ಹೊರಗೆ ಮುಟ್ಟಿಸಿತು.

ಮೈಸೂರಿಗೆ ಇದು ಹೊಸದಲ್ಲ

ಮಹಾರಾಜ ಕಾಲೇಜಿನ ಮನೋವಿಜ್ಞಾನದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ, 30 ವ್ಯಾಟ್ ಟ್ರಾನ್ಸ್‌ಮಿಟರಿನಿಂದ ಬಾನುಲಿ ಕೇಂದ್ರ ಶುರುಮಾಡಿದರು. ಅದು ‘ಆಕಾಶವಾಣಿ’ ಎಂದು ಹೆಸರಾಯಿತು. 30 ವ್ಯಾಟ್ ಎಂದರೆ ಒಂದು ಸಣ್ಣ ಬಲ್ಬಿನ ಶಕ್ತಿ. ಎಂಜಿನಿಯರಲ್ಲದ ಮೇಷ್ಟ್ರೊಬ್ಬರ ಮನೆಯ ಹವ್ಯಾಸ ಒಂದು ನಗರದ ದನಿಯಾಯಿತು.

ಬೆಂಗಳೂರಿನಲ್ಲಿ ಹ್ಯಾಮ್‌ಗಳ ಕ್ಲಬ್ಬುಗಳು ಹಲವು ದಶಕಗಳಿಂದ ನಡೆಯುತ್ತಿವೆ. 2005ರ ಮೇ 5ರಂದು ಇಸ್ರೊ ಪಿಎಸ್ಎಲ್‌ವಿ-ಸಿ6 ರಾಕೆಟ್ಟಿನಲ್ಲಿ ಹ್ಯಾಮ್‌ಗಳಿಗೆಂದೇ 42.5 ಕಿಲೋ ತೂಕದ ಹ್ಯಾಮ್‌ಸ್ಯಾಟ್ ಉಪಗ್ರಹ ಹಾರಿಸಿತು. ಅದರ ಎರಡು ಟ್ರಾನ್ಸ್‌ಪಾಂಡರುಗಳಲ್ಲಿ ಒಂದನ್ನು ಕಟ್ಟಿದ್ದು ನೆದರ್ಲೆಂಡ್ಸಿನ ಹವ್ಯಾಸಿ. ಬ್ಯಾಟರಿ ಸೋಲುವವರೆಗೆ, 2014ರ ತನಕ, ಅದು ಜಗತ್ತಿನ ಹ್ಯಾಮ್‌ಗಳ ಮಾತನ್ನು ಹೊತ್ತಿತು. ರೈಲಿನ ಪ್ರೀತಿಗೂ ಮೈಸೂರಿನಲ್ಲಿ ನೆಲೆಯಿದೆ: 1979ರಲ್ಲಿ ಆರಂಭವಾದ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಮಾದರಿ ಕಟ್ಟುವವರು ಹಳೆಯ ಮೈಸೂರು ರೈಲ್ವೆಯ ಎಂಜಿನ್, ಬೋಗಿಗಳನ್ನು ಹತ್ತಿರದಿಂದ ನೋಡಿ ಅಳೆಯಬಹುದು.

ಎಲ್ಲಿಂದ ಆರಂಭ?

ಹ್ಯಾಮ್ ಆಗಲು ಕೇಂದ್ರ ಸಂಪರ್ಕ ಸಚಿವಾಲಯದ ಪರೀಕ್ಷೆ ಪಾಸಾಗಿ ಪರವಾನಗಿ ಪಡೆಯಬೇಕು. ಕನಿಷ್ಠ ವಯಸ್ಸು 12. ಪರೀಕ್ಷೆಯಲ್ಲಿ ಮೂಲ ಎಲೆಕ್ಟ್ರಾನಿಕ್ಸ್ ಮತ್ತು ನಿಯಮಗಳ ಪ್ರಶ್ನೆಗಳಿರುತ್ತವೆ. ಮೊದಲ ಹಂತ ರಿಸ್ಟ್ರಿಕ್ಟೆಡ್ ಗ್ರೇಡ್, ಮೇಲಿನದು ಜನರಲ್ ಗ್ರೇಡ್. ಮಾದರಿ ರೈಲಿಗೆ ಪರವಾನಗಿಯ ಗೊಡವೆಯಿಲ್ಲ. ಅದನ್ನು ದೂರದಿಂದ ಓಡಿಸಲು ಬಳಸುವ 2.4 ಗಿಗಾಹರ್ಟ್ಸ್ ಬ್ಯಾಂಡ್ ಮನೆಯ ವೈಫೈಯಂತೆ ಪರವಾನಗಿಮುಕ್ತ.

ವಿದೇಶಿ ಮಾದರಿ ಎಂಜಿನ್ನುಗಳು ದುಬಾರಿ. ಅವು ಬಂದ ಮೇಲೆಯೇ ಕಲಿಕೆ ಶುರುವಾಗಬೇಕೆಂದಿಲ್ಲ. ರಟ್ಟು, ಪ್ಲೈವುಡ್ಡಿನಲ್ಲಿ ನಿಲ್ದಾಣ ಕಟ್ಟಬಹುದು. ಆಟಿಕೆ ಮೋಟಾರು, ಆರ್ಡುಯಿನೊದಂಥ ಅಗ್ಗದ ಬೋರ್ಡ್ ಸಾಕು. ಡಿಸಿಸಿಯ ನಿಯಮಗಳು ಎಲ್ಲರಿಗೂ ತೆರೆದಿರುವುದರಿಂದ ನಿಯಂತ್ರಕವನ್ನು ಕೈಯಾರೆ ಕಟ್ಟುವವರು ಬಹಳ ಜನ ಇದ್ದಾರೆ. ರೇಡಿಯೊದಲ್ಲೂ ಮಾತಾಡುವ ಮೊದಲು ಕೇಳಿಸಿಕೊಳ್ಳುವುದರಿಂದ ಆರಂಭಿಸಬಹುದು.

ಶಾಲೆಗಳಲ್ಲಿ ವಿದ್ಯುತ್ತು, ಕಾಂತತ್ವ, ಅಲೆ, ಅನುಪಾತ ಎಲ್ಲವೂ ಬಿಡಿಬಿಡಿ ಅಧ್ಯಾಯಗಳಾಗಿ ಬರುತ್ತವೆ, ಪರೀಕ್ಷೆಯ ಮರುದಿನ ಮರೆತೂ ಹೋಗುತ್ತವೆ. ಒಂದು ಮೇಜಿನ ರೈಲು ಮತ್ತು ಒಂದು ತುಂಡು ವೈರಿನ ಆಂಟೆನಾ ಆ ಅಧ್ಯಾಯಗಳನ್ನು ಕೂಡಿಸಿ ಕೆಲಸಕ್ಕೆ ಹಚ್ಚುತ್ತವೆ. ತಪ್ಪು ಎಲ್ಲಿದೆ ಎಂದು ಹುಡುಕುವ ತಾಳ್ಮೆಯನ್ನು ಪುಸ್ತಕ ಕಲಿಸಲಾರದು, ಓಡದ ಎಂಜಿನ್ನು, ಕೇಳಿಸದ ಸ್ಟೇಷನ್ನು ಕಲಿಸುತ್ತವೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳ ಒಂದೊಂದು ಪ್ರೌಢಶಾಲೆಯಲ್ಲಿ ಆಸಕ್ತಿಯ ಒಬ್ಬ ವಿಜ್ಞಾನ ಶಿಕ್ಷಕರು ವಾರಕ್ಕೊಂದು ಸಂಜೆ ಬಿಡುವು ಮಾಡಿಕೊಂಡರೂ ಸಾಕು. ಕವಚ್‌ನಂಥ ವ್ಯವಸ್ಥೆಗಳನ್ನು ಮುಂದೆ ಕಟ್ಟಿ ಕಾಯುವ ಕೈಗಳು ಈ ತಾಲ್ಲೂಕುಗಳಿಂದಲೇ ಬರಬಹುದು. ಅದಕ್ಕೆ ಊರಿಗೆ ಹಳಿ ಬರುವವರೆಗೆ ಕಾಯಬೇಕಿಲ್ಲ.