ಹಾಜರಿ ಪುಸ್ತಕದ ‘ಗೈರು’, ಲಿನಕ್ಸ್‌ನ ‘ಇಲ್ಲ’

ಐಟಿ ಲ್ಯಾಬಿಗೆ ಹೊಸ ವೈಫೈ ಡಾಂಗಲ್ ತಂದಿದ್ದೀರಿ. ಸಿಕ್ಕಿಸಿದರೆ ಸಂಪರ್ಕವೇ ಬರುವುದಿಲ್ಲ. ಪ್ರಾಯೋಗಿಕ ಪರೀಕ್ಷೆ ಬೇರೆ ಹತ್ತಿರ ಬಂತು. ಹಾಳಾಗಿದೆ ಅಂತ ಮೂಲೆಗೆ ಹಾಕಿ, ವರ್ಕಾಡಿಯಿಂದ ಮಂಗಳೂರಿಗೆ ಬಸ್ಸು ಹತ್ತುವ ಮೊದಲು ಸ್ವಲ್ಪ ನಿಲ್ಲಿ.

ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಯುಎಸ್‌ಬಿ’ ಆಜ್ಞೆ ಕೊಡಿ. ಪಟ್ಟಿಯಲ್ಲಿ ಡಾಂಗಲ್ ಕಂಡರೆ ಕಂಪ್ಯೂಟರಿಗೆ ಅದರ ಗುರುತು ಸಿಕ್ಕಿದೆ; ಕೊರತೆ ಇರುವುದು ಬಹುಶಃ ಡ್ರೈವರಿನದ್ದು.

ನಮ್ಮ ಶಾಲೆಗಳಿಗೆ ಕೈಟ್ ಒದಗಿಸುವ ವ್ಯವಸ್ಥೆ ಉಬುಂಟುವನ್ನು ಆಧರಿಸಿದ್ದು. ಅದರ ತಿರುಳು, 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನಲ್. ಅದನ್ನು ಕಂಪೈಲ್ ಮಾಡುವಾಗ ಸಾವಿರಾರು ಆಯ್ಕೆಗಳಿರುತ್ತವೆ. ಹೆಚ್ಚಿನ ಡ್ರೈವರುಗಳಿಗೆ ಉತ್ತರ ಮೂರು ವಿಧ: ‘ವೈ’ ಎಂದರೆ ಕರ್ನಲಿನೊಳಗೇ ಇರಲಿ, ‘ಎಂ’ ಎಂದರೆ ಬೇಕಾದಾಗ ಸೇರಿಸುವ ಮಾಡ್ಯೂಲ್ ಆಗಿರಲಿ, ‘ಎನ್’ ಎಂದರೆ ಬೇಡ.

ಸ್ವಾರಸ್ಯ ಇರುವುದು ಈ ‘ಬೇಡ’ದಲ್ಲಿ. ಸಂರಚನಾ ಕಡತದಲ್ಲಿ ಅದನ್ನು ‘ಎನ್’ ಎಂದು ಬರೆಯುವುದಿಲ್ಲ. ಸಾಲಿನ ಮೊದಲಿಗೆ # ಗುರುತು, ಆಯ್ಕೆಯ ಹೆಸರು, ಮತ್ತೆ ‘ಈಸ್ ನಾಟ್ ಸೆಟ್’. ನೋಡಲಿಕ್ಕೆ ಬರೀ ಟಿಪ್ಪಣಿ. ಆದರೆ ಕಂಪೈಲ್ ವ್ಯವಸ್ಥೆ ಅದನ್ನು ಓದುತ್ತದೆ. ಹಾಜರಿ ಪುಸ್ತಕ ನೆನಪಿಸಿಕೊಳ್ಳಿ: ‘ಗೈರು’ ಎಂದು ಬರೆದರೆ ಹೆಸರು ಕರೆದಾಗಿದೆ ಎಂದರ್ಥ, ಖಾಲಿ ಬಿಟ್ಟರೆ ಇನ್ನೂ ಕರೆದಿಲ್ಲ. ಹೊಸ ಆವೃತ್ತಿಗೆ ಹಳೆಯ ಕಡತ ಕೊಟ್ಟು ‘ಮೇಕ್ ಓಲ್ಡ್‌ಕಾನ್ಫಿಗ್’ ಎಂದರೆ, ಗೈರು ಬರೆದ ಆಯ್ಕೆಯನ್ನು ಅದು ಮತ್ತೆ ಕೇಳುವುದಿಲ್ಲ. ಸಾಲೇ ಇಲ್ಲದ ಹೊಸ ಆಯ್ಕೆಯನ್ನು ಮಾತ್ರ ಕೇಳುತ್ತದೆ.

ಇನ್ನು ಡ್ರೈವರ್ ಬರೆಯುವವರ ಕಷ್ಟ. ಬಂದ್ ಮಾಡಿದ ಭಾಗದ ಫಂಕ್ಷನ್ನನ್ನು ಇನ್ನೊಂದು ಡ್ರೈವರ್ ಕರೆದರೆ, ಕೊನೆಗೆ ಜೋಡಿಸುವಾಗ ಆ ಹೆಸರೇ ಸಿಗದೆ ಕೆಲಸ ನಿಲ್ಲುತ್ತದೆ. ಅದಕ್ಕೆ ಹೆಡರ್ ಕಡತದಲ್ಲಿ ಅದೇ ಹೆಸರಿನ ಖಾಲಿ ಫಂಕ್ಷನ್ ಇಡುತ್ತಾರೆ. ಟೀಚರ್ ರಜೆಯಾದರೂ ಪೀರಿಯಡ್ ನಡೆಸಲು ಇನ್ನೊಬ್ಬರು ಹೋಗಿ ಕೂತ ಹಾಗೆ.

ಕೋಡನ್ನು ‘ಇಫ್‌ಡೆಫ್’ನಿಂದ ಮುಚ್ಚುವುದೂ ಉಂಟು. ಆಗ ಒಳಗಿನ ತಪ್ಪು ಕಂಪೈಲರಿನ ಕಣ್ಣಿಗೆ ಬೀಳುವುದಿಲ್ಲ. ಎಂದೋ ಯಾರೋ ಆಯ್ಕೆ ತೆರೆದ ದಿನ ಹೊರಬರುತ್ತದೆ. ‘ಈಸ್ ಎನೇಬಲ್ಡ್’ ಎಂಬ ಮ್ಯಾಕ್ರೋ ಬಳಸಿದರೆ ಕಂಪೈಲರ್ ಎಲ್ಲವನ್ನೂ ಓದಿ, ತಪ್ಪಿದ್ದರೆ ಹೇಳಿ, ಬೇಡದ್ದನ್ನು ಮತ್ತೆ ಬಿಡುತ್ತದೆ. ಸಾಧ್ಯವಿದ್ದಲ್ಲಿ ಇದನ್ನೇ ಬಳಸಿ ಎನ್ನುವುದು ಕರ್ನಲ್ ತಂಡದ ಸಲಹೆ.

ಈಗ ನಿಮ್ಮ ಡಾಂಗಲ್. ‘ಬೂಟ್’ ಫೋಲ್ಡರಿನಲ್ಲಿ ‘ಕಾನ್ಫಿಗ್’ ಎಂದು ಆರಂಭವಾಗುವ ಕಡತ ತೆರೆದು ಅದರ ಚಿಪ್ಪಿನ ಹೆಸರು ಹುಡುಕಿ. ‘ಎಂ’ ಇದ್ದರೆ ಮಾಡ್ಯೂಲ್ ಸೇರಿಸಿ ನೋಡಿ. ಗೈರು ಇದ್ದರೆ ಡ್ರೈವರನ್ನು ಬೇರೆಯಾಗಿ ಕಂಪೈಲ್ ಮಾಡಬೇಕು. ಹೆಸರೇ ಇಲ್ಲವಾದರೆ, ಆ ಆವೃತ್ತಿಯಲ್ಲಿ ಆ ಡ್ರೈವರ್ ಇಲ್ಲ, ಅಥವಾ ಅದು ಅವಲಂಬಿಸಿದ ಇನ್ನೊಂದು ಆಯ್ಕೆ ಬಂದ್ ಆಗಿದೆ.

ಒಮ್ಮೆ ಮಕ್ಕಳನ್ನೂ ಕೂರಿಸಿಕೊಂಡು ಹುಡುಕಿ. ‘ಇಲ್ಲ’ ಎಂಬುದಕ್ಕೂ ‘ಹಾಳಾಗಿದೆ’ ಎಂಬುದಕ್ಕೂ ಇರುವ ವ್ಯತ್ಯಾಸ ಅವರಿಗೆ ಪಾಠಪುಸ್ತಕಕ್ಕಿಂತ ಬೇಗ ತಿಳಿದೀತು.