ಸ್ವಿಚ್ ಆಫ್ ಮಾಡಿದರೆ ಸಾಕೇ?

ಬೆಂಗಳೂರಿನ ಒಣಕಸ ಕೇಂದ್ರವಿರಲಿ, ಕಾರ್ಕಳದ ನಿಟ್ಟೆಯಲ್ಲಿರುವ ವಿಂಗಡಣಾ ಘಟಕವಿರಲಿ, ಲೆಕ್ಕ ಒಂದೇ: ರಟ್ಟು, ಪೆಟ್ ಬಾಟಲಿ, ಹಾಲಿನ ಕವರುಗಳನ್ನು ಒತ್ತಿ ಬೇಲ್ ಕಟ್ಟಿದರಷ್ಟೇ ಲಾರಿ ಬಾಡಿಗೆ ಗಿಟ್ಟುತ್ತದೆ. ಬೇಲರ್ ಎಂಬ ಈ ಒತ್ತುವ ಯಂತ್ರದ ಬಗ್ಗೆ ಭಯ ಮಾತ್ರ ಕಡಿಮೆ. ಗರಗಸದ ಹಾಗೆ ಹಲ್ಲಿಲ್ಲ, ಗರಗರ ತಿರುಗುವ ಚಕ್ರವಿಲ್ಲ, ಒತ್ತುಹಲಗೆ ನಿಧಾನವಾಗಿ ಚಲಿಸುತ್ತದೆ. ಅಪಾಯ ಕಂಡರೆ ಕೈ ಎಳೆದುಕೊಂಡರಾಯಿತು, ಏನಾದರೂ ಸಿಕ್ಕಿಕೊಂಡರೆ ಸ್ವಿಚ್ ಆಫ್ ಮಾಡಿ ಬಿಡಿಸಿದರಾಯಿತು ಎಂಬುದು ಸಾಮಾನ್ಯ ನಂಬಿಕೆ. ಮೊದಲನೆಯದು ತಪ್ಪು. ಎರಡನೆಯದು ಇನ್ನೂ ದೊಡ್ಡ ತಪ್ಪು, ಏಕೆಂದರೆ ಅದು ಎಚ್ಚರಿಕೆಯ ವೇಷದಲ್ಲಿ ಬರುತ್ತದೆ.

ನಿಧಾನದ ಮಾತನ್ನೇ ಮೊದಲು ನೋಡೋಣ. 15 ಸೆಂಟಿಮೀಟರ್ ವ್ಯಾಸದ ಸಿಲಿಂಡರಿನ ಪಿಸ್ಟನ್ನಿಗೆ ಸುಮಾರು 177 ಚದರ ಸೆಂಟಿಮೀಟರ್ ಮುಖವಿರುತ್ತದೆ. ಪ್ರತಿ ಚದರ ಸೆಂಟಿಮೀಟರಿಗೆ 150 ಕಿಲೋ ಒತ್ತಡವೆಂದರೂ ಒಟ್ಟು ಬಲ 26 ಟನ್ ದಾಟುತ್ತದೆ. ಹೈಡ್ರಾಲಿಕ್ ವ್ಯವಸ್ಥೆಯಲ್ಲಿ ಒತ್ತಡ ಏರುವುದು ಎದುರಿಗೆ ತಡೆ ಸಿಕ್ಕಾಗ. ಯಂತ್ರ ತಾನಾಗಿ ನಿಲ್ಲಬೇಕಾದರೆ ಆ ತಡೆ ಗಟ್ಟಿಯಾಗಿ ಅಮುಕಿದ ರಟ್ಟಿನಷ್ಟಾದರೂ ಇರಬೇಕು. ಮನುಷ್ಯನ ತೋಳು ಅಷ್ಟು ತಡೆ ಒಡ್ಡಲಾರದು. ಬೆರಳು ಸಿಕ್ಕಿದ್ದು ಯಂತ್ರಕ್ಕೆ ಗೊತ್ತೇ ಆಗುವುದಿಲ್ಲ. ಅಡ್ಡ ಬೇಲರುಗಳಲ್ಲಿ ಇನ್ನೊಂದು ಸಂಗತಿಯಿದೆ: ಮಾಲು ಸುರಿಯುವ ಹಾಪರಿನ ಬಾಯಂಚಿಗೆ ಉಕ್ಕಿನ ಅಲಗು ಕೂರಿಸಿರುತ್ತಾರೆ, ಹೊರಗೆ ಚಾಚಿದ ರಟ್ಟನ್ನು ಕತ್ತರಿಸಲೆಂದು. ಹಲ್ಲಿಲ್ಲವೆಂದುಕೊಂಡ ಯಂತ್ರಕ್ಕೆ ಹಲ್ಲು ಇರುವುದು ಒಳಗೆ.

ಆದರೆ ಹೆಚ್ಚು ಯೋಚಿಸಬೇಕಾದದ್ದು ನಿಂತ ಯಂತ್ರದ ಬಗ್ಗೆ. ಕನ್ವೇಯರ್ ಜೋಡಿಸಿದ ದೊಡ್ಡ ಬೇಲರ್ ಆಟೋ ಮೋಡ್‌ನಲ್ಲಿದ್ದಾಗ ಸುಮ್ಮನೆ ನಿಂತಿರುವುದೆಂದರೆ ಮಾಲಿಗಾಗಿ ಕಾಯುತ್ತಿರುವುದು. ಹಾಪರಿನಲ್ಲಿರುವ ಬೆಳಕಿನ ಸೆನ್ಸರಿಗೆ ಏನಾದರೂ ಅಡ್ಡ ಬಂದರೆ ಮಾಲು ತುಂಬಿತೆಂದು ತಿಳಿದು ಒತ್ತುಹಲಗೆ ಹೊರಡುತ್ತದೆ. ಜಾಮ್ ಆದ ರಟ್ಟನ್ನು ಕಾಲಿನಿಂದ ತುಳಿಯಲು ಹಾಪರಿಗೆ ಇಳಿದವನೇ ಆ ಅಡ್ಡವಾಗಬಹುದು. ಗುಂಡಿ ಒತ್ತಲು ಹೊರಗೆ ಯಾರೂ ಬೇಕಿಲ್ಲ. ಕೆಂಪು ಎಮರ್ಜೆನ್ಸಿ ಬಟನ್ ಒತ್ತಿ ಇಳಿದರೆ? ಅದು ಕಂಟ್ರೋಲ್ ಸರ್ಕ್ಯೂಟನ್ನು ಕಡಿಯುತ್ತದೆಯೇ ಹೊರತು ಪ್ಯಾನಲ್ಲಿಗೆ ಬರುವ ಕರೆಂಟನ್ನಲ್ಲ. ಒಳಗೆ ಆಳಿರುವುದು ಕಾಣದೆ ಇನ್ನೊಬ್ಬರು ರಿಸೆಟ್ ಮಾಡಿಬಿಡಬಹುದು. ಮೇನ್ ಸ್ವಿಚ್ಚನ್ನೇ ತೆಗೆದರೂ ಪೈಪುಗಳಲ್ಲಿ ಒತ್ತಡ ಉಳಿದಿರಬಹುದು, ಮೇಲೆತ್ತಿ ನಿಂತ ಹಲಗೆ ವಾಲ್ವ್ ಸೋರಿದರೆ ತನ್ನ ಭಾರಕ್ಕೇ ಇಳಿಯಬಹುದು. ಕಟ್ಟಿ ಹೊರಗಿಟ್ಟ ಬೇಲ್ ಕೂಡ ಸಂಪೂರ್ಣ ಜಡವಲ್ಲ: ಒಳಗಿನ ಮಾಲು ಹಿಗ್ಗಲು ಹವಣಿಸುತ್ತಿರುತ್ತದೆ, ತಂತಿ ಬಿಗಿದಿರುತ್ತದೆ. ಎದುರು ನಿಂತು ಕತ್ತರಿಸಿದರೆ ಆ ತಂತಿ ಚಾಟಿಯಂತೆ ಮುಖಕ್ಕೆ ಬೀಸುತ್ತದೆ. ರಟ್ಟಿನ ನಡುವೆ ಸೇರಿಕೊಂಡ ಮೊಬೈಲ್ ಬ್ಯಾಟರಿ ಜಜ್ಜಿಹೋಗಿದ್ದರೆ, ಬೆಂಕಿ ಕಾಣಿಸುವ ಹೊತ್ತಿಗೆ ಬೇಲ್ ಗೋದಾಮು ಸೇರಿರಬಹುದು.

ಆದ್ದರಿಂದ ಕೇಳಬೇಕಾದದ್ದು ಯಂತ್ರ ನಿಂತಿದೆಯೇ ಎಂದಲ್ಲ, ಮತ್ತೆ ಚಲಿಸಲು ಅದರಲ್ಲಿ ಶಕ್ತಿ ಉಳಿದಿದೆಯೇ ಎಂದು. ಉತ್ತರಕ್ಕೆ ಬೇಕಾದ ಉಪಕರಣ ಒಂದು ಬೀಗ. ಮೇನ್ ಸ್ವಿಚ್ ತೆಗೆದು ಬೀಗ ಹಾಕಬೇಕು, ಒಳಗೆ ಕೈ ಹಾಕುವವನ ಜೇಬಿನಲ್ಲೇ ಕೀಲಿ ಇರಬೇಕು, ಇಬ್ಬರಿದ್ದರೆ ಎರಡು ಬೀಗ. ಹಲಗೆಯನ್ನು ಕೆಳಗಿಳಿಸಿ ಅಥವಾ ಆನಿಕೆ ಕೊಟ್ಟು, ಒತ್ತಡ ಬಿಟ್ಟು, ಸ್ಟಾರ್ಟ್ ಗುಂಡಿ ಒತ್ತಿ ಹೊರಡುವುದಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಮುಂದಿನ ಕೆಲಸ. ಅಮೆರಿಕದಲ್ಲಿ 1989ರಿಂದಲೂ ಇದು ನಿಯಮ. ಅಲ್ಲಿ 18 ತುಂಬದವರು ರಟ್ಟಿನ ಬೇಲರ್ ಓಡಿಸುವಂತೆಯೂ ಇಲ್ಲ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಅನುಭವದ್ದು ಮೊದಲು: ಹತ್ತು ವರ್ಷದಿಂದ ಮಾಡುತ್ತಿದ್ದೇವೆ, ಏನೂ ಆಗಿಲ್ಲ. ಅನುಭವ ಕಲಿಸುವುದು ಯಂತ್ರದ ರೂಢಿಯನ್ನು. ಸೆನ್ಸರಿಗೆ ಅಡ್ಡ ಬರುವುದು, ವಾಲ್ವ್ ಸೋರುವುದು ರೂಢಿಯಾಚೆಗಿನ ಸಂಗತಿಗಳು. ಬಾಗಿಲು ತೆರೆದರೆ ಯಂತ್ರ ನಿಲ್ಲಿಸುವ ಲಿಮಿಟ್ ಸ್ವಿಚ್ಚಿಗೆ ತಂತಿ ಸುತ್ತಿ ಸುಮ್ಮನಾಗಿಸುವುದೂ ಇದೇ ಧೈರ್ಯದಿಂದ. ಎರಡನೆಯದು, ಸಣ್ಣ ಕೇಂದ್ರಗಳಿಗೆ ಇದೆಲ್ಲ ದುಬಾರಿ ಎಂಬುದು. ಒಂದು ಬೀಗದ ಬೆಲೆ ಒಂದು ಬೇಲ್ ರಟ್ಟಿನ ಬೆಲೆಗಿಂತ ಕಡಿಮೆ. 1948ರ ಕಾರ್ಖಾನೆ ಕಾಯ್ದೆ 21ನೇ ಕಲಮಿನಲ್ಲಿ ಯಂತ್ರಗಳ ಅಪಾಯಕಾರಿ ಭಾಗಗಳಿಗೆ ಬೇಲಿ ಕೇಳಿತ್ತು. ಆದರೆ ವಿದ್ಯುತ್ ಬಳಸುವ ಕಡೆ ಅದು ಸಾಮಾನ್ಯವಾಗಿ ಅನ್ವಯಿಸಿದ್ದು ಹತ್ತು ಜನರಿಂದ ಮೇಲೆ. ನಾಲ್ಕೈದು ಜನರ ಕೇಂದ್ರ ಆ ಲೆಕ್ಕಕ್ಕೆ ಬೀಳದಿದ್ದರೂ ಅಲ್ಲಿನ ಸಿಲಿಂಡರ್ ಅದೇ 26 ಟನ್ ಒತ್ತುತ್ತದೆ.

ಮೂರನೆಯ ಆಕ್ಷೇಪದಲ್ಲಿ ಮಾತ್ರ ಹುರುಳಿದೆ: ಪ್ರತಿ ಜಾಮಿಗೂ ಬೀಗ ಹಾಕುತ್ತ ಕೂತರೆ ಹೊತ್ತು ಹೋಗುತ್ತದೆ. ನಿಜ, ಹೋಗುತ್ತದೆ. ಉದ್ದ ಕೊಕ್ಕೆಯಿಂದ ಹೊರಗೇ ನಿಂತು ಬಿಡಿಸಬಹುದಾದ ಜಾಮ್‌ಗಳಿವೆ, ದೊಡ್ಡ ಪೆಟ್ಟಿಗೆಗಳನ್ನು ಮೊದಲೇ ಹರಿದು ಹಾಕಿದರೆ ಜಾಮೇ ಕಡಿಮೆಯಾಗುತ್ತದೆ. ಉಳಿದವಕ್ಕೆ ಹೊತ್ತು ಕೊಡಲೇಬೇಕು. ಬೇಲ್ ಎಣಿಸಿ ಕೂಲಿ ಕೊಡುವ ಕಡೆ ಆ ಹೊತ್ತಿನ ನಷ್ಟ ಆಳಿನ ತಲೆಗೇ ಬೀಳುತ್ತದೆ, ಬೀಗ ಗೂಟದಲ್ಲೇ ತೂಗುತ್ತದೆ. ಅಂಥ ಕಡೆ ಮೊದಲು ಬದಲಾಗಬೇಕಾದದ್ದು ಕೂಲಿಯ ಲೆಕ್ಕ: ಜಾಮ್ ಬಿಡಿಸಿದ ಸಮಯಕ್ಕೂ ಸಂಬಳ ಸಲ್ಲಬೇಕು.